ಮೂರು ಮಡಿಕೆ

ಜನವರಿ 4

ಗುಬ್ಬಿಯ ಅಪ್ಪನಿಗೆ,

ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನೀವು ನಂಬುವುದಿಲ್ಲ, ಚೆನ್ನಾಗಿಲ್ಲ ಎಂದು ಬರೆದರೆ ಊಟ ಬಿಡುತ್ತೀರಿ. ಆದ್ದರಿಂದ ಚಳಿ ಎಂದಷ್ಟೇ ಬರೆಯುತ್ತೇನೆ. ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ಮಗಳ ಹೆಸರು ಬರೆಯಬಹುದು, ಅಷ್ಟು ಚಳಿ.

ಎರಡು ವರ್ಷವಾಗುತ್ತ ಬಂದರೂ ಈ ಊರಿನ ರೀತಿ ನನಗೆ ಪೂರ್ತಿ ಹತ್ತಿಲ್ಲ. ಎದುರು ಸಿಕ್ಕವರು ಹೇಗಿದ್ದೀರಿ ಎಂದು ಕೇಳುತ್ತಾರೆ, ಉತ್ತರಕ್ಕೆ ನಿಲ್ಲುವುದಿಲ್ಲ. ಮೊದಮೊದಲು ನಾನು ನಿಂತು ಸೊಂಟನೋವಿನಿಂದ ಹಿಡಿದು ಎಲ್ಲವನ್ನೂ ಹೇಳತೊಡಗುತ್ತಿದ್ದೆ, ಅಷ್ಟರಲ್ಲಿ ಅವರು ಮೆಟ್ಟಿಲಿಳಿದು ಹೋಗಿರುತ್ತಿದ್ದರು. ಬಸ್ಸಿನಿಂದ ಇಳಿಯುವಾಗ ಡ್ರೈವರನಿಗೆ ಥ್ಯಾಂಕ್ಸ್ ಹೇಳಬೇಕು. ಊಟ ಆಯಿತೇ ಎಂದು ಮಾತ್ರ ಯಾರೂ ಯಾರನ್ನೂ ಕೇಳುವುದಿಲ್ಲ. ನಾನೊಮ್ಮೆ ಎದುರುಮನೆಯಾಕೆಯನ್ನು ಕೇಳಿಬಿಟ್ಟೆ. ಊಟಕ್ಕೆ ಕರೆಯುತ್ತಿದ್ದೇನೆಂದು ತಿಳಿದು ಆಕೆ ಡೈರಿ ತೆಗೆದು ನೋಡಿ, ಮುಂದಿನ ಗುರುವಾರ ಸಂಜೆ ಆಗಬಹುದು ಎಂದಳು. ಗುರುವಾರ ಅಡುಗೆ ಮಾಡಿ ಬಡಿಸಿದ್ದೂ ಆಯಿತು.

ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆಯಿದೆ. ಎಂಟು ಮನೆಗೆ ಒಂದೇ ಮಿಷನ್. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಹೆಸರು, ಗಂಟೆ ಬರೆದು ಹೋಗಬೇಕು. ನಮ್ಮ ಗಂಟೆ ಮುಗಿದ ಮೇಲೂ ಬಟ್ಟೆ ಒಳಗೇ ಇದ್ದರೆ ಮುಂದಿನವರು ತೆಗೆದು ಬುಟ್ಟಿಗೆ ಹಾಕಿಡುತ್ತಾರೆ. ಹೋದ ಭಾನುವಾರ ನಾನು ಮರೆತು ಮಲಗಿಬಿಟ್ಟೆ. ಕೆಳಗಿನ ಮನೆಯ ಬಡಗಿ ಎಲ್ಲವನ್ನೂ ತೆಗೆದಿಟ್ಟಿದ್ದರು. ನನಗೆ ನಾಚಿಕೆಯಿಂದ ಜೀವವೇ ಹೋದಂತಾಯಿತು. ಅವರಿಗೆ ಏನೂ ಅನ್ನಿಸಿದಂತಿರಲಿಲ್ಲ. ಇಲ್ಲಿ ಅದು ಹಾಗೆಯೇ.

ಈಗ ಮುಖ್ಯ ವಿಷಯ. ಇದರ ಜೊತೆ ಇರುವ ಫಾರಂ ನೀವಿಬ್ಬರೂ ಇಲ್ಲಿಗೆ ಬಂದು ನನ್ನ ಜೊತೆ ಇರುವುದಕ್ಕೆ. ನಿಮ್ಮ ಸಹಿ ಎರಡು ಕಡೆ, ಗುಬ್ಬಿಯ ಫೋಟೋ ಒಂದು. ಮಾರ್ಚ್ 31ರೊಳಗೆ ಇಲ್ಲಿನ ಕಚೇರಿಗೆ ತಲುಪಬೇಕು. ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕು. ಇನ್ನೊಂದು ವರ್ಷ ನನ್ನ ಕೈಲಾಗುವುದಿಲ್ಲ.

ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡುವಾಕೆ ರಜೆಗೆ ಆ ಕಡೆ ಬರುತ್ತಿದ್ದಾಳೆ. ಅವಳ ಕೈಯಲ್ಲಿ ನಿಮಗೊಂದು ಸ್ವೆಟರು, ಗುಬ್ಬಿಗೆ ಎರಡು ಅಂಗಿ, ನನ್ನ ಹಳೇ ಶಾಲು ಕಳಿಸಿದ್ದೇನೆ. ಶಾಲು ಈ ಚಳಿಗೆ ಸಾಲದು, ಗುಬ್ಬಿ ಹೊದೆಯಲಿ.

ನಿಮ್ಮವಳು

•

ಜನವರಿ 27

ಗುಬ್ಬಿಯ ಅಮ್ಮನಿಗೆ,

ನಿನ್ನ ಕಾಗದವೂ ಗಂಟೂ ಒಂದೇ ವಾರದಲ್ಲಿ ಬಂದವು. ಗುಬ್ಬಿ ಹೊಸ ಅಂಗಿ ತೊಟ್ಟವಳು ಬಿಚ್ಚಲು ಒಪ್ಪದೆ ಅದರಲ್ಲೇ ಮೂರು ದಿನ ಕಳೆದಳು. ಫೋಟೋ ತೆಗೆಸಿ ನಿನಗೊಂದು ಪ್ರತಿ ಇದರ ಜೊತೆ ಕಳಿಸಿದ್ದೇನೆ. ಎರಡು ಜಡೆ ಪಕ್ಕದಂಗಡಿಯ ದರ್ಜಿಯಮ್ಮ ಹಾಕಿದ್ದು. ದಿನಾ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಅವಳೇ ಹಾಕುತ್ತಾಳೆ. ನಾನು ಹಾಕಿದ ಜಡೆ ಶಾಲೆಯ ಗೇಟಿನವರೆಗೂ ನಿಲ್ಲುವುದಿಲ್ಲ, ನಿನಗೆ ಗೊತ್ತಲ್ಲ.

ಸ್ವೆಟರು ಹಾಕಿಕೊಂಡು ಇಸ್ತ್ರಿ ಮೇಜಿನ ಮುಂದೆ ನಿಂತರೆ ಹಿಂದೆ ಕೆಂಡ, ಮೈಮೇಲೆ ಉಣ್ಣೆ. ಬೆವರು ಸುರಿಯಿತು. ಆದರೂ ಇಡೀ ಬೀದಿಗೆ ತೋರಿಸುವ ತನಕ ತೆಗೆಯಲಿಲ್ಲ. ಗಿರಾಕಿಗಳು, “ಏನಣ್ಣಾ, ಹುಷಾರಿಲ್ವಾ?” ಅಂತ ಕೇಳಿದರು. ಹೆಂಡತಿ ಅಲ್ಲಿ ನರ್ಸು, ಅವಳೇ ಕಳಿಸಿದ್ದು ಅಂದೆ.

ಆ ಬಡಗಿ ನಿನ್ನನ್ನು ಏನೆಂದು ಕರೆಯುತ್ತಾನೆ? ಹಾಳೆಯ ಮೇಲೆ ಹೆಸರು ಬರೆದಿರುತ್ತೀಯಲ್ಲ, ಹೆಸರು ಹಿಡಿದೇ ಕರೆಯುತ್ತಾನೋ ಏನೋ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನಾನು ನಿನ್ನ ಹೆಸರು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ. ಅದೂ ಜನಗಣತಿಯವರು ಕೇಳಿದರೆಂದು.

ಇನ್ನೊಂದು ಮಾತು. ಸ್ವೆಟರು ಮಡಿಸಿದ್ದು ಯಾರು? ನೀನಂತೂ ಅಲ್ಲ. ನೀನು ಬಟ್ಟೆ ಮಡಿಸುವುದೆಂದರೆ ಸುತ್ತಿ, ಮುದ್ದೆ ಮಾಡಿ, ಮೊಣಕೈಯಿಂದ ಪೆಟ್ಟಿಗೆಗೆ ತುರುಕುವುದು. ಇದು ಲೆಕ್ಕವಾಗಿ ಮೂರು ಮಡಿಕೆ. ಅಂಚುಗಳೆಲ್ಲ ಒಳಗೆ, ಮಡಿಕೆಯ ದುಂಡು ಬೆನ್ನು ಹೊರಗೆ. ನಾವಿಲ್ಲಿ ನಾಲ್ಕು ಮಡಿಸುತ್ತೇವೆ, ಅಂಚು ಹೊರಗೆ ಕಾಣುತ್ತದೆ. ಮಡಿಕೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಎಳೆದ ಗೆರೆ ಅಷ್ಟು ದೂರ ವಿಮಾನದಲ್ಲಿ ಬಂದರೂ ಅಳಿಸಿಲ್ಲ. ಇಪ್ಪತ್ತು ವರ್ಷ ಇಸ್ತ್ರಿಪೆಟ್ಟಿಗೆ ಹಿಡಿದವನಿಗೆ ಪಳಗಿದ ಕೈ ಯಾವುದೆಂದು ಗೊತ್ತಾಗುತ್ತದೆ. ಸುಮ್ಮನೆ ಕೇಳಿದೆ, ತಪ್ಪು ತಿಳಿಯಬೇಡ.

ಫಾರಂ ನೋಡಿದೆ. ಫೋಟೋ ಅಂಟಿಸಿ ಕಳಿಸುತ್ತೇನೆ.

ನಿನ್ನ ಯಜಮಾನ

•

ಫೆಬ್ರವರಿ 16

ಗುಬ್ಬಿಯ ಅಪ್ಪನಿಗೆ,

ಸ್ವೆಟರು ಅಂಗಡಿಯವರೇ ಮಡಿಸಿ ಕೊಟ್ಟದ್ದು. ಇಲ್ಲಿ ಎಲ್ಲವನ್ನೂ ಹಾಗೆ ನಾಜೂಕಾಗಿಯೇ ಕೊಡುತ್ತಾರೆ. ಅದಕ್ಕೆಲ್ಲ ಅರ್ಧ ಪುಟ ಬರೆದಿದ್ದೀರಿ! ನನ್ನ ಜ್ವರ ಹೇಗಿದೆ ಎಂದು ಒಂದು ಸಾಲು ಬರೆದಿದ್ದರೆ ಆಗುತ್ತಿತ್ತು. ಜ್ವರ ಬಂದದ್ದನ್ನು ನಾನು ತಿಳಿಸಿರಲಿಲ್ಲ, ಅದು ಬೇರೆ ಮಾತು.

ದರ್ಜಿಯಮ್ಮ ಯಾರು? ನಾನು ಹೊರಟಾಗ ಪಕ್ಕದಲ್ಲಿ ಸೈಕಲ್ ರಿಪೇರಿಯವನಿದ್ದ. ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದೆ. ಬೈತಲೆ ಎಷ್ಟು ನೇರವಾಗಿದೆ! ರಿಬ್ಬನ್ನು ಹೊಸದು. ಅವಳೇ ಕೊಡಿಸಿದ್ದೇ? ಗುಬ್ಬಿಯನ್ನು ಮೊಣಕಾಲುಗಳ ನಡುವೆ ಕೂರಿಸಿಕೊಳ್ಳುತ್ತಾಳೆಯೇ, ಎದುರಿಗೆ ನಿಲ್ಲಿಸಿಕೊಂಡು ಹಾಕುತ್ತಾಳೆಯೇ? ಗುಬ್ಬಿ ನನ್ನ ಹತ್ತಿರ ಅಳುತ್ತಿದ್ದ ಹಾಗೆ ಅವಳ ಹತ್ತಿರವೂ ಅಳುತ್ತಾಳೆಯೇ? ಅಳುವುದಿಲ್ಲವಾದರೆ ನನಗೆ ತಿಳಿಸಬೇಡಿ. ನನ್ನ ಹೊಟ್ಟೆ ಉರಿಯಿತು. ಉರಿಯಿತು ಎಂದು ಬರೆಯಲು ನನಗೇನೂ ನಾಚಿಕೆಯಿಲ್ಲ.

ಇಲ್ಲಿ ಪರರ ಮಕ್ಕಳನ್ನು ಮುಟ್ಟುವಂತಿಲ್ಲ. ಕೆನ್ನೆ ಹಿಂಡುವಂತಿಲ್ಲ, ತಲೆ ಸವರುವಂತಿಲ್ಲ. ನನಗೆ ಗೊತ್ತಿತ್ತು. ಆದರೂ ಹೋದ ಶನಿವಾರ ಪಾರ್ಕಿನಲ್ಲಿ ಗುಬ್ಬಿಯಷ್ಟೇ ಎತ್ತರದ ಹುಡುಗಿಯೊಬ್ಬಳ ಜಡೆ ಬಿಚ್ಚಿಹೋಗಿತ್ತು. ಅವಳು ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಬಂದು ಕುಳಿತಳು. ನನ್ನ ಕೈ ಹೋಗಿಯೇಬಿಟ್ಟಿತು. ಎರಡು ಹೆಣಿಗೆ ಹಾಕುವುದರೊಳಗೆ ಅವಳ ತಾಯಿ ಓಡಿಬಂದು ಮಗುವನ್ನು ಎಳೆದುಕೊಂಡಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನಾನು ತಪ್ಪಾಯಿತು ಎಂದು ಮೂರು ಸಲ ಹೇಳಿದೆ. ಆ ಮೇಲೆ ಆ ಪಾರ್ಕಿಗೆ ಹೋಗಿಲ್ಲ.

ಬಡಗಿ ಹೆಸರು ಹಿಡಿದೇ ಕರೆಯುತ್ತಾರೆ. ಇಲ್ಲಿ ಎಲ್ಲರಿಗೂ ಹಾಗೆಯೇ. ಗುಡಿಸುವವನೂ ದೊಡ್ಡ ಡಾಕ್ಟರನ್ನು ಹೆಸರಿನಿಂದಲೇ ಕೂಗುತ್ತಾನೆ. ನನ್ನ ಹೆಸರು ಇವರ ಬಾಯಲ್ಲಿ ಅರ್ಧಕ್ಕೇ ನಿಂತುಹೋಗುತ್ತದೆ. ಕರೆದದ್ದು ನನ್ನನ್ನೇ ಎಂದು ನನಗೇ ತಡವಾಗಿ ತಿಳಿಯುತ್ತದೆ.

ಫಾರಂ ಮರೆಯಬೇಡಿ. ಅಂಚೆಗೆ ಹದಿನೆಂಟು ದಿನ ಬೇಕು.

ನಿಮ್ಮವಳು

•

ಮಾರ್ಚ್ 7

ನರ್ಸಮ್ಮನವರಿಗೆ,

ತಾವು ಬರೆದ ಕಾಗದ ತಲುಪಿತು. ಸ್ವೆಟರು ಅಂಗಡಿಯವರು ಮಡಿಸಿದ್ದು ಎಂದಿರಿ, ಒಪ್ಪಿದೆ. ಗುಬ್ಬಿಯ ಅಂಗಿಗಳೂ ಅಂಗಡಿಯವೇ, ಅದನ್ನೂ ಒಪ್ಪಿದೆ. ತಮ್ಮ ಹಳೇ ಶಾಲನ್ನು ಯಾವ ಅಂಗಡಿಯವರು ಮಡಿಸಿದರು?

ಆ ಶಾಲು ನಾನು ಕೊಡಿಸಿದ್ದು. ಅದರ ಮೂಲೆಯಲ್ಲಿ ಕೆಂಡದ ಕಿಡಿ ತಾಗಿ ಆದ ತೂತು ನನ್ನ ಅಂಗಡಿಯದೇ. ಗಂಟಿನ ತಳದಲ್ಲಿತ್ತಾದ್ದರಿಂದ ಗುಬ್ಬಿಗೆ ನೆಗಡಿಯಾಗುವ ತನಕ ತೆಗೆದಿರಲಿಲ್ಲ. ಮೊನ್ನೆ ತೆಗೆದೆ. ಅದೇ ಮೂರು ಮಡಿಕೆ, ಅದೇ ಬೆನ್ನು, ಅದೇ ಹೆಬ್ಬೆರಳು. ಮೇಜಿನ ಮೇಲಿಟ್ಟು ಸುತ್ತಲೂ ತಿರುಗಿ ನೋಡಿದೆ. ನನಗೇ ಭ್ರಮೆಯೇನೋ ಎಂದು ದರ್ಜಿಯಮ್ಮನಿಗೂ ತೋರಿಸಿದೆ. ಅವಳು ಮುಟ್ಟಿ ನೋಡಿ, “ಇದು ಕಲ್ತ ಕೈ ಅಣ್ಣಾ. ಹೆಂಗಸರದ್ದಲ್ಲ ಅನ್ಸುತ್ತೆ, ಎಷ್ಟು ಜೋರಾಗಿ ಒತ್ತಿದಾರೆ ನೋಡಿ” ಅಂದಳು.

ಬಡಗಿಗೆ ಅಳತೆ ಗೊತ್ತಿರುತ್ತದೆ. ಗೆರೆ ಎಳೆಯುವುದು ಗೊತ್ತಿರುತ್ತದೆ. ಹೆಬ್ಬೆರಳಿನಲ್ಲಿ ಬಲವೂ ಇರುತ್ತದೆ.

ನೋಡು, ಈ ಬೀದಿಯ ಹೆಂಗಸರ ಬಟ್ಟೆಯೆಲ್ಲ ನನ್ನ ಮೇಜಿನ ಮೇಲೆ ಬಂದು ಹೋಗುತ್ತದೆ. ನನಗೆ ಅದು ಬಟ್ಟೆ, ಅಷ್ಟೇ. ಅವನಿಗೂ ಹಾಗೆಯೇ ಇರಬಹುದೆಂದು ಒಂದು ಇಡೀ ದಿನ ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಆ ದಿನ ಎರಡು ಪ್ಯಾಂಟು ಸುಟ್ಟೆ. ಒಂದು ಪೊಲೀಸಿನವರದು. ಒಗೆದ ಬಟ್ಟೆ ಬುಟ್ಟಿಗೆ ಹಾಕಿಟ್ಟ ಎಂದರೆ ಒಂದು ಮಾತು. ಗಂಡನಿಗೆ ಕಳಿಸುವ ಗಂಟು ಕಟ್ಟುವಾಗ ಅವನು ನಿನ್ನ ಕೋಣೆಯಲ್ಲಿ ಕುಳಿತು ಒಂದೊಂದಾಗಿ ಮಡಿಸಿ ಕೊಟ್ಟ ಎಂದರೆ? ಅದೂ ಇಲ್ಲಿ ಹಾಗೆಯೇ ಎಂದು ಬರೆಯಬೇಡ. ಅವನಿಗೆ ವಯಸ್ಸೆಷ್ಟು? ಮದುವೆಯಾಗಿದೆಯೇ?

ಅಂಗಡಿಯವರು ಎಂದು ಸುಳ್ಳು ಹೇಳಿದ್ದೇಕೆ? ಅದೊಂದೇ ನನ್ನನ್ನು ತಿನ್ನುತ್ತಿದೆ.

ಫಾರಂ ಕಳಿಸಿದ್ದೇನೆ.

ಇಸ್ತ್ರಿಯವನು

•

ಮಾರ್ಚ್ 26

ಗುಬ್ಬಿಯ ಅಪ್ಪನಿಗೆ,

ಅಂಗಡಿಯವರು ಎಂದು ಬರೆದದ್ದು ಸುಳ್ಳೇ. ಆದರೆ ಬಡಗಿಯಲ್ಲ. ಅವರು ನನ್ನ ಕೋಣೆಯ ಹೊಸಿಲು ತುಳಿದವರಲ್ಲ. ವಯಸ್ಸು ಕೇಳಿದ್ದೀರಿ, ನಲವತ್ತಿರಬಹುದು. ನೋಡಲು ಚೆನ್ನಾಗಿಯೇ ಇದ್ದಾರೆ. ಮದುವೆಯ ವಿಷಯ ನನಗೆ ಗೊತ್ತಿಲ್ಲ, ಇಲ್ಲಿ ಅದನ್ನು ಕೇಳುವ ಹಾಗಿಲ್ಲ. ಎರಡು ವರ್ಷದಲ್ಲಿ ನನ್ನ ಜೊತೆ ಆಡಿದ್ದು ನಮಸ್ಕಾರ, ಮಳೆ ಬರುತ್ತಿದೆ, ಬಾಗಿಲು ಹಾಕಿ, ಇಷ್ಟೇ.

ನಿಮಗೆ ಹೇಳಬೇಕಾದ್ದೊಂದು ಇದೆ. ಕಾಗದದಲ್ಲಿ ಬರೆಯಲಾರೆ. ನೀವು ಬಂದ ಮಾರನೇ ದಿನ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಅಲ್ಲಿಯವರೆಗೆ ಕೇಳಬೇಡಿ.

ಫಾರಂ ಇನ್ನೂ ತಲುಪಿಲ್ಲವಂತೆ. ಊಟದ ಬಿಡುವಿನಲ್ಲಿ ದಿನಾ ಓಡಿಹೋಗಿ ಕೇಳಿ ಬರುತ್ತಿದ್ದೇನೆ. ಕಿಟಕಿಯಲ್ಲಿ ಕೂರುವ ಅಧಿಕಾರಿ ನನ್ನನ್ನು ಕಂಡರೆ ದೂರದಿಂದಲೇ ತಲೆಯಾಡಿಸುತ್ತಾರೆ. ಇನ್ನು ಐದೇ ದಿನ. ಈ ಕಾಗದ ನಿಮ್ಮ ಕೈಸೇರುವಷ್ಟರಲ್ಲಿ ಗಡುವು ದಾಟಿರುತ್ತದೆ, ಆದರೂ ರಿಜಿಸ್ಟರ್ ಮಾಡಿದ ಚೀಟಿಯ ನಂಬರನ್ನು ತಂತಿ ಮೂಲಕವಾದರೂ ತಿಳಿಸಿ. ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಿಸುತ್ತೇನೆ.

ನಿಮ್ಮವಳು

•

ಏಪ್ರಿಲ್ 14

ನಿನಗೆ,

ಹುಡುಕಿಸಬೇಡ. ಫಾರಂ ಇಲ್ಲೇ ಇದೆ. ಮೇಜಿನ ಮೇಲೆ ಹಾಸುವ ಕಂಬಳಿಯ ಕೆಳಗಿಟ್ಟಿದ್ದೇನೆ. ಅದರ ಮೇಲೆಯೇ ದಿನಾ ಇಸ್ತ್ರಿ ಹಾಕುತ್ತೇನೆ, ಈಗ ಒಂದು ಸುಕ್ಕೂ ಇಲ್ಲ.

ಕಳಿಸಬೇಕೆಂದೇ ಹೊರಟಿದ್ದೆ. ಶಾಲು ನೋಡಿದ ದಿನ ಅಂಚೆಪೆಟ್ಟಿಗೆಯ ಬಾಯಿಯವರೆಗೂ ಹೋಗಿ ಹಿಂದೆ ಬಂದೆ. ಅಂಗಡಿ ಮುಚ್ಚಿ, ಮಗಳನ್ನು ಶಾಲೆ ಬಿಡಿಸಿ, ಭಾಷೆ ಬಾರದ ಊರಿಗೆ ಬಂದು ನಿಲ್ಲಬೇಕು. ಅಲ್ಲಿ ನಿನ್ನ ಕೋಣೆಯ ಕಪಾಟು ತೆಗೆದರೆ ಎಲ್ಲ ಬಟ್ಟೆಯೂ ಮೂರು ಮಡಿಕೆಯಲ್ಲಿದ್ದರೆ ನಾನು ಏನು ಮಾಡಲಿ? ಯಾರನ್ನು ಕೇಳಲಿ?

ಕಾಗದದಲ್ಲಿ ಬರೆಯಲಾರೆ ಎನ್ನುತ್ತೀಯೆ. ಬಂದ ಮೇಲೆ ತೋರಿಸುತ್ತೇನೆ ಎನ್ನುತ್ತೀಯೆ. ಏನನ್ನು ತೋರಿಸುತ್ತೀ? ಆ ಸಾಲನ್ನು ಎಷ್ಟು ಸಲ ಓದಿದೆ ಎಂದರೆ ಗುಬ್ಬಿ, “ಅಪ್ಪಾ, ಅಮ್ಮ ಅಷ್ಟೊಂದು ಬರ್ದಿದಾಳಾ?” ಅಂತ ಕೇಳಿದಳು.

ಅವಳು ಆಗಲೇ ಪೆಟ್ಟಿಗೆ ಕಟ್ಟಿಟ್ಟಿದ್ದಾಳೆ. ಫಾರಂ ಅಂಚೆಯಲ್ಲಿ ಕಳೆದುಹೋಯಿತು ಎಂದು ಅವಳಿಗೆ ಹೇಳಿದ್ದೇನೆ. ಈಗ ನಾನೂ ಸುಳ್ಳುಗಾರನೇ. ಸಾಕಲ್ಲ, ಸಮವಾಯಿತು. ಯಾರ ಕೈ ಅದು, ಬರೆ. ಇದ್ದದ್ದನ್ನು ಇದ್ದ ಹಾಗೆ ಬರೆ. ಬರೆಯದಿದ್ದರೆ ಇನ್ನು ಕಾಗದವೇ ಬೇಡ.

ಗುಬ್ಬಿಯ ಅಪ್ಪ

•

ಮೇ 3

ಗುಬ್ಬಿಯ ಅಪ್ಪನಿಗೆ,

ನಿಮ್ಮ ಕಾಗದವನ್ನು ಬಸ್ಸಿನಲ್ಲಿ ಓದಿದೆ. ಅಲ್ಲೇ ಅತ್ತೆ. ಇಲ್ಲಿ ಅಳುವವರನ್ನು ಯಾರೂ ನೋಡುವುದಿಲ್ಲ, ಏನಾಯಿತು ತಾಯಿ ಎಂದು ಕೇಳುವುದೂ ಇಲ್ಲ. ಪಕ್ಕದವರು ಕಿಟಕಿಯ ಕಡೆ ತಿರುಗಿ ಕೂರುತ್ತಾರೆ. ಅದು ಇವರ ಮರ್ಯಾದೆ. ನನ್ನ ಸ್ಟಾಪು ದಾಟಿ ಐದು ಸ್ಟಾಪು ಮುಂದೆ ಹೋಗಿದ್ದೆ.

ಅದು ನನ್ನ ಕೈ. ಸ್ವೆಟರು, ಅಂಗಿ, ಶಾಲು ಎಲ್ಲವನ್ನೂ ನಾನೇ ಮಡಿಸಿದ್ದು.

ನಾನು ನರ್ಸಾಗಿ ಕೆಲಸ ಮಾಡುತ್ತಿಲ್ಲ. ಇಲ್ಲಿಯ ಭಾಷೆಯ ಪರೀಕ್ಷೆ ಪಾಸಾಗದೆ ವಾರ್ಡಿಗೆ ಬಿಡುವುದಿಲ್ಲ. ಓದುವುದು ಬಂತು, ಬರೆಯುವುದೂ ಬಂತು. ಕೇಳಿಸಿಕೊಂಡು ಉತ್ತರಿಸುವುದರಲ್ಲಿ ಎರಡು ಸಲ ಬಿದ್ದೆ. ಇವರು ಮಾತಾಡಿದ್ದು ನನ್ನ ಕಿವಿಯಿಂದ ತಲೆಗೆ ಹೋಗುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತದೆ. ಆರು ತಿಂಗಳು ನೋಡಿದರು. ಆಮೇಲೆ ಊರಿಗೆ ಹೋಗುತ್ತೀಯೋ ಲಾಂಡ್ರಿಗೆ ಹೋಗುತ್ತೀಯೋ ಎಂದು ಕೇಳಿದರು. ಒಂದೂವರೆ ವರ್ಷದಿಂದ ಆಸ್ಪತ್ರೆಯ ಲಾಂಡ್ರಿಯಲ್ಲಿದ್ದೇನೆ. ಆಸ್ಪತ್ರೆಯಲ್ಲಿ ಕೆಲಸ ಎಂದು ಬರೆದದ್ದು ಸುಳ್ಳಲ್ಲ. ಯಾವ ಮಹಡಿ ಎಂದು ಮಾತ್ರ ಬರೆಯಲಿಲ್ಲ.

ನೆಲದ ಕೆಳಗಿನ ಕೋಣೆ, ಕಿಟಕಿಯಿಲ್ಲ. ಐದು ಮಹಡಿಯ ಮೈಲಿಗೆ ಬಟ್ಟೆ ದೊಡ್ಡ ಕೊಳವೆಯೊಳಗಿಂದ ಗಂಟುಗಂಟಾಗಿ ಬೀಳುತ್ತದೆ. ಒಗೆದು ಒಣಗಿಸಿದ್ದು ನಮ್ಮ ಮೇಜಿಗೆ ಬರುತ್ತದೆ. ನಮ್ಮ ಮೇಸ್ತ್ರಿ ಒಬ್ಬ ಹೆಂಗಸು, ನನಗಿಂತ ಒಂದು ಮೊಳ ಎತ್ತರ, ನಗುವುದೇ ಇಲ್ಲ. ಮೊದಲ ದಿನ ನಾನು ಮಡಿಸಿದ್ದನ್ನೆಲ್ಲ ಬಿಚ್ಚಿಹಾಕಿದಳು. ಆಮೇಲೆ ನನ್ನ ಬೆನ್ನಿಗೆ ನಿಂತು, ನನ್ನ ಎರಡೂ ಕೈ ಹಿಡಿದು, ಮಗುವಿಗೆ ಅಕ್ಷರ ತಿದ್ದಿಸಿದ ಹಾಗೆ ಮಡಿಸಿದಳು. ಮೂರು ಮಡಿಕೆ, ಬೆನ್ನು ಹೊರಗೆ. ಮೇಲಿನ ನರ್ಸು ಅವಸರದಲ್ಲಿ ಕಪಾಟಿಗೆ ಕೈಹಾಕಿದರೆ ಒಂದೇ ಬಟ್ಟೆ ಬರಬೇಕು, ರಾಶಿ ಬೀಳಬಾರದು. ಅದಕ್ಕೆ ಹಾಗೆ. ಆ ನರ್ಸು ನಾನಾಗಬೇಕಿತ್ತು. ಲಿಫ್ಟಿನಲ್ಲಿ ಬಿಳಿ ಬಟ್ಟೆಯವರು ಸಿಕ್ಕರೆ ನನಗೂ ಉರಿಯುತ್ತದೆ. ಉರಿ ನಿಮ್ಮೊಬ್ಬರ ಸೊತ್ತಲ್ಲ.

ನಿಮಗೆ ಬರೆಯದಿದ್ದುದು ಏಕೆಂದು ಕೇಳುತ್ತೀರಿ. ಹೊರಡುವ ವಾರ ಜಗಳದಲ್ಲಿ ನಾನು ಏನು ಅಂದಿದ್ದೆ? “ಊರವರ ಬಟ್ಟೆ ತಿಕ್ಕೊಂಡು ಸಾಯಕ್ಕೆ ನಾನು ಓದಿಲ್ಲ” ಅಂದಿದ್ದೆ. ನೀವು ಎದ್ದುಹೋಗಿ ಅಂಗಡಿಯ ಬಾಗಿಲು ತೆಗೆದಿರಿ. ಅಷ್ಟು ಅಂದ ಬಾಯಿಂದ ಇದನ್ನು ಹೇಗೆ ಹೇಳಲಿ? ಮತ್ತೆ ಪರೀಕ್ಷೆ ಕಟ್ಟಿ, ಪಾಸಾಗಿ, ಆಮೇಲೆ ನಗುತ್ತ ಹೇಳೋಣ ಎಂದುಕೊಂಡೆ. ಅದು ಆಗುವ ಮುಂಚೆ ಶಾಲು ಮಡಿಸಿಬಿಟ್ಟೆ. ಮಡಿಸುವಾಗ ಯೋಚನೆಯೇ ಬರಲಿಲ್ಲ. ದಿನವಿಡೀ ಮಡಿಸುವ ಕೈ, ತನ್ನ ಪಾಡಿಗೆ ತಾನು ಮಡಿಸಿತು.

ಈಗ ನನ್ನದೊಂದು ಪ್ರಶ್ನೆ. ನನ್ನ ಮೇಲೆ ಸಿಟ್ಟು ಬಂದಿತ್ತು, ನನ್ನನ್ನು ಬೈಯಬೇಕಿತ್ತು. ಗುಬ್ಬಿಯ ಒಂದು ವರ್ಷವನ್ನು ಕಂಬಳಿಯ ಕೆಳಗೆ ಇಟ್ಟಿರಲ್ಲ, ಅವಳು ಏನು ಮಾಡಿದ್ದಳು?

ಅವಳ ತಾಯಿ

•

ಮೇ 22

ಗುಬ್ಬಿಯ ಅಮ್ಮನಿಗೆ,

ನಿನ್ನ ಕಾಗದ ಓದಿ ಮೊದಲು ಗಟ್ಟಿಯಾಗಿ ನಕ್ಕೆ. ದರ್ಜಿಯಮ್ಮ ಮಿಷನ್ ನಿಲ್ಲಿಸಿ ಇಣುಕಿ ನೋಡಿದಳು. ಬಡಗಿಯನ್ನು ಮನಸ್ಸಿನಲ್ಲೇ ಕ್ಷಮಿಸಿದೆ, ಅವನಿಗೆ ಒಂದು ಒಳ್ಳೆ ಹೆಣ್ಣು ಸಿಗಲಿ ಎಂದು ಹಾರೈಸಿದೆ. ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಹಗುರವಾಗಿದ್ದೆ.

ಆಮೇಲೆ ಶುರುವಾಯಿತು ನೋಡು.

ಹನ್ನೊಂದು ವರ್ಷ. ಒಂದು ದಿನ, ಒಂದೇ ಒಂದು ದಿನ ನೀನು ನನ್ನ ಮೇಜಿನ ಆಚೆ ಬದಿಗೆ ನಿಂತು ಬಟ್ಟೆಯ ಎರಡು ತುದಿ ಹಿಡಿಯಲಿಲ್ಲ. ಉದ್ದದ ಬಟ್ಟೆ ಬಂದರೆ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿಕೊಂಡು ನಾನೊಬ್ಬನೇ ಮಡಿಸಿದ್ದೇನೆ. ಹೊಸದರಲ್ಲಿ ನಿನಗೆ ಕಲಿಸಲು ಬಂದಾಗ, “ಕೈಯೆಲ್ಲ ಕೆಂಡದ ವಾಸನೆ, ಮುಟ್ಬೇಡಿ” ಅಂದವಳು ನೀನು. ಈಗ ಯಾರೋ ಒಬ್ಬಳು ನಗದ ಹೆಂಗಸು ಬೆನ್ನಿಗೆ ನಿಂತು ಕೈ ಹಿಡಿದರೆ ಒಂದೇ ದಿನಕ್ಕೆ ಕಲಿತೆಯಲ್ಲೇ! ಬಡಗಿಯ ಮೇಲೂ ನನಗೆ ಇಷ್ಟು ಉರಿದಿರಲಿಲ್ಲ. ಅವನಾದರೆ ಹೋಗಿ ಕೊರಳಪಟ್ಟಿ ಹಿಡಿಯಬಹುದಿತ್ತು. ಈ ಮೇಸ್ತ್ರಿಯನ್ನು ಏನು ಮಾಡಲಿ? ನನಗೆ ಬರಬೇಕಾದ ಕೈ ಅದು. ಅವಳಿಗೆ ಹೋಯಿತು.

ನೀನು ಕಲಿತ ಮಡಿಕೆಯನ್ನು ನಾನೂ ಮಾಡಿ ನೋಡಿದೆ. ಶಾಲನ್ನು ಬಿಚ್ಚಿ, ಮಡಿಸಿ, ಮತ್ತೆ ಬಿಚ್ಚಿ. ನಾಲ್ಕನೇ ಸಲಕ್ಕೆ ಬಂತು. ಚೆನ್ನಾಗಿದೆ, ಇಲ್ಲವೆನ್ನಲಾರೆ. ಗಿರಾಕಿಗಳಿಗೆ ಹಾಗೆಯೇ ಮಡಿಸಿ ಕೊಟ್ಟೆ. “ಏನಣ್ಣಾ, ಹೊಸಾ ಥರ” ಅಂದರು. ಯಾರಿಂದ ಕಲಿತೆ ಎಂದು ಮಾತ್ರ ಹೇಳಲಿಲ್ಲ.

ಗುಬ್ಬಿ ಏನು ಮಾಡಿದ್ದಳು ಎಂದು ಕೇಳಿದ್ದೀಯ. ಏನೂ ಮಾಡಿರಲಿಲ್ಲ. ನಿನ್ನೆ ಅವಳಿಗೆ ನಿಜ ಹೇಳಿದೆ. ಫಾರಂ ತೋರಿಸಿದೆ. ಅವಳು ಅಳಲಿಲ್ಲ. ಕಟ್ಟಿಟ್ಟ ಪೆಟ್ಟಿಗೆ ಬಿಚ್ಚಿ ಬಟ್ಟೆಯನ್ನೆಲ್ಲ ಕಪಾಟಿಗೆ ವಾಪಸು ಇಟ್ಟಳು. ನನ್ನ ಹತ್ತಿರ ಮಾತಿಲ್ಲ. ಜಡೆ ಹಾಕಿಸಿಕೊಳ್ಳಲು ಹೋದಾಗ ದರ್ಜಿಯಮ್ಮನ ಹತ್ತಿರ ಮಾತಾಡುತ್ತಾಳೆ, ಗೋಡೆಯ ಈ ಕಡೆ ನನಗೆ ಕೇಳಿಸುತ್ತದೆ.

ನಾನು ಏನು ಮಾಡಬೇಕು ಹೇಳು. ಹೇಳಿದ್ದನ್ನು ಮಾಡುತ್ತೇನೆ.

ನಿನ್ನವನು

•

ಜೂನ್ 9

ಗುಬ್ಬಿಯ ಅಪ್ಪನಿಗೆ,

ಮೇಸ್ತ್ರಿಯ ಮೇಲೆ ಉರಿಯಬೇಡಿ. ಅವಳು ಕೈ ಹಿಡಿದದ್ದು ಒಂದೇ ದಿನ, ಆಮೇಲೆ ಒಂದೂವರೆ ವರ್ಷ ಬೈದಿದ್ದೇ ಬೈದಿದ್ದು. ಕೆಂಡದ ವಾಸನೆ ಎಂದದ್ದು ನನಗೆ ನೆನಪಿರಲಿಲ್ಲ. ನಿಮಗೆ ನೆನಪಿದೆ. ಈಗ ನನಗೂ ಮರೆಯುವುದಿಲ್ಲ.

ನಿಮ್ಮ ಮೇಲಿನ ಸಿಟ್ಟು ಇಳಿದಿಲ್ಲ. ಇಳಿದ ಮೇಲೆ ಬರೆಯೋಣವೆಂದರೆ ತಡವಾಗುತ್ತದೆ.

ಕಿಟಕಿಯ ಅಧಿಕಾರಿಯ ಹತ್ತಿರ ಮತ್ತೆ ಹೋಗಿದ್ದೆ. ತಡವಾಗಿ ಬಂದ ಫಾರಮನ್ನೂ ಅವರು ಜುಲೈ ಕೊನೆಯವರೆಗೆ ತೆಗೆದುಕೊಳ್ಳಬಹುದಂತೆ. ಏಕೆ ತಡವಾಯಿತು ಎಂದು ಅರ್ಜಿದಾರನೇ ತನ್ನ ಕೈಯಾರೆ ಬರೆದು ಸಹಿ ಮಾಡಿರಬೇಕು. ಆಮೇಲೆ ಕೊಡುವುದು ಬಿಡುವುದು ಅವರ ಇಷ್ಟ. ಅಂಚೆಯಲ್ಲಿ ಕಳೆಯಿತು ಎಂದು ಬರೆದರೆ ನಡೆಯಬಹುದೇ ಎಂದು ನಾನು ಕೇಳಲಿಲ್ಲ. ಕೇಳಬಾರದೆಂದು ಹಲ್ಲುಕಚ್ಚಿ ನಿಂತೆ. ಈ ಊರಿನ ಎಲ್ಲ ವಿಚಿತ್ರಗಳಲ್ಲಿ ದೊಡ್ಡ ವಿಚಿತ್ರ ಇದು, ಇಲ್ಲಿ ನೀವು ಬರೆದುಕೊಟ್ಟದ್ದನ್ನು ನಂಬುತ್ತಾರೆ. ಸಾಕ್ಷಿ ಬೇಡ, ಮುದ್ರೆ ಬೇಡ. ಸುಳ್ಳೆಂದು ಒಂದು ಸಲ ತಿಳಿದರೆ ಮತ್ತೆಂದೂ ನಂಬುವುದಿಲ್ಲ.

ನನ್ನ ಕೆಲಸ ಏನೆಂಬ ಕಡೆ ಲಾಂಡ್ರಿ ಎಂದು ನಾನು ಬರೆದುಕೊಟ್ಟೆ. ನೀವೂ ನಿಜವನ್ನೇ ಬರೆಯಿರಿ.

ನಿಮ್ಮವಳು

•

ಜೂನ್ 28

ಗುಬ್ಬಿಯ ಅಮ್ಮನಿಗೆ,

ಫಾರಂ ನಾನೇ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿದೆ. ಗುಬ್ಬಿಯೂ ಜೊತೆಗಿದ್ದಳು. ನಾನು ಲಕೋಟೆಯನ್ನು ಕೊಟ್ಟು ಕೈ ಹಿಂದಕ್ಕೆ ತೆಗೆಯುವವರೆಗೆ ಕಣ್ಣು ಕೀಳಲಿಲ್ಲ. ಚೀಟಿಯನ್ನೂ ಅವಳೇ ಇಟ್ಟುಕೊಂಡಿದ್ದಾಳೆ, ನನಗೆ ಕೊಡುತ್ತಿಲ್ಲ.

ಅಧಿಕಾರಿಗೆ ಬರೆದದ್ದನ್ನು ನಮ್ಮ ಭಾಷೆಯಲ್ಲೇ ಬರೆದಿದ್ದೇನೆ, ನನಗೆ ಬರುವುದು ಅದೊಂದೇ. ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ನೀನೇ ಅವರ ಭಾಷೆಗೆ ಮಾಡಿ ಕಿಟಕಿಯಲ್ಲಿ ಓದಿ ಹೇಳಬೇಕು. ಒಂದು ಮಾತನ್ನೂ ಬಿಡಬೇಡ, ಸಿಹಿ ಮಾಡಬೇಡ.

ನಿನ್ನವನು

ಮಾನ್ಯ ಅಧಿಕಾರಿಗಳಿಗೆ,

ವಿಷಯ: ಫಾರಂ ತಡವಾದುದಕ್ಕೆ ಕಾರಣ.

ನಾನು ಬಟ್ಟೆಗೆ ಇಸ್ತ್ರಿ ಹಾಕುವವನು. ಫಾರಂ ನನಗೆ ಜನವರಿ ತಿಂಗಳಲ್ಲೇ ತಲುಪಿತ್ತು. ಅಂಚೆಯವರ ತಪ್ಪಿಲ್ಲ, ನನ್ನ ಹೆಂಡತಿಯ ತಪ್ಪೂ ಇಲ್ಲ. ನಾನೇ ಮಾರ್ಚ್ ತಿಂಗಳಿಂದ ಅದನ್ನು ಬಚ್ಚಿಟ್ಟಿದ್ದೆ. ಕಾರಣ ಹೊಟ್ಟೆಕಿಚ್ಚು.

ನನ್ನ ಹೆಂಡತಿ ಕಳಿಸಿದ ಬಟ್ಟೆಯ ಮಡಿಕೆ ನೋಡಿ ಅದು ಬೇರೆಯವರ ಕೈ ಎಂದುಕೊಂಡೆ. ಅದು ಅವಳದೇ ಕೈ. ಅವಳು ನಿಮ್ಮ ಊರಿನ ಆಸ್ಪತ್ರೆಯಲ್ಲಿ ಹಾಸಿಗೆಬಟ್ಟೆ ಮಡಿಸುತ್ತಾಳೆ. ಬಹಳ ಚೆನ್ನಾಗಿ ಮಡಿಸುತ್ತಾಳೆ. ಈ ವಿಷಯದಲ್ಲಿ ನನ್ನ ಮಾತನ್ನು ನಂಬಬಹುದು, ನಾನು ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಅವಳು ಓದಿದವಳು, ಈ ಕೆಲಸ ಮಾಡುತ್ತಾಳೆಂದು ನನಗೆ ಹೊಳೆಯಲಿಲ್ಲ. ನನ್ನ ಬುದ್ಧಿ ಅಷ್ಟು ದೂರ ಹೋಗಲಿಲ್ಲ, ಬಡಗಿಯ ಮನೆಯವರೆಗೆ ಹೋಗಿ ನಿಂತಿತು.

ನನ್ನ ಮಗಳಿಗೆ ಎಂಟು ವರ್ಷ. ಫಾರಂ ತಡವಾದುದರಲ್ಲಿ ಅವಳ ಪಾಲು ಏನೂ ಇಲ್ಲ. ತಾಯಿಯನ್ನು ನೋಡಿ ಎರಡು ವರ್ಷ ದಾಟಿತು. ತಮ್ಮ ಕಾನೂನಿನಲ್ಲಿ ತಪ್ಪು ಮಾಡಿದವನಿಗೆ ಶಿಕ್ಷೆ ಆಗಲೇಬೇಕಾದರೆ ನನ್ನ ಹೆಸರಿಗೆ ಅಡ್ಡಗೆರೆ ಎಳೆದು ಮಗಳ ಹೆಸರನ್ನು ಮಂಜೂರು ಮಾಡಬೇಕಾಗಿ ಪ್ರಾರ್ಥಿಸುತ್ತೇನೆ. ವಿಮಾನದವರೆಗೆ ನಾನೇ ಕರೆತಂದು ಹತ್ತಿಸಿ ಕಳಿಸುತ್ತೇನೆ.

ಅವರಿಬ್ಬರೂ ಅಲ್ಲಿ ಒಟ್ಟಿಗಿದ್ದು ನಾನು ಇಲ್ಲಿದ್ದರೆ ನನಗೆ ಮತ್ತೆ ಹೊಟ್ಟೆಕಿಚ್ಚಾಗುತ್ತದೆ. ಅದು ತಮ್ಮ ಕಚೇರಿಗೆ ಸಂಬಂಧಿಸಿದ್ದಲ್ಲ.